ಕಾಣುವ ಪದರಗಳು ಮಾತ್ರ

ನಾನು ದಿನವೂ ಬಳಸುವ ಸಾಫ್ಟ್‌ವೇರಿನ ಒಂದು ಕಿಟಕಿಯಲ್ಲಿ, ಸಾಸಿವೆ ಕಾಳಿಗಿಂತ ಕೊಂಚವೇ ದೊಡ್ಡದಾದ ಒಂದು ಚೌಕವಿದೆ. ‘ಕಾಣುವ ಪದರಗಳನ್ನು ಮಾತ್ರ ಕಳುಹಿಸು’ ಎಂಬ ಅರ್ಥ ಬರುವ ಇಂಗ್ಲಿಷ್ ಸಾಲೊಂದು ಅದರ ಪಕ್ಕದಲ್ಲಿ ಸಭ್ಯ ಗೃಹಸ್ಥನ ಹಾಗೆ ನಿಂತಿರುತ್ತದೆ. ಆ ಚೌಕದೊಳಗೆ ಟಿಕ್ ಇರಬೇಕೋ ಬೇಡವೋ ಎಂಬ ಜಿಜ್ಞಾಸೆಯಲ್ಲಿ ನನ್ನ ಆಯುಷ್ಯದ ಗಣನೀಯ ಭಾಗ ಕಳೆದುಹೋಗಿದೆ ಎಂದರೆ ನೀವು ನಕ್ಕೀರಿ. ಅಧ್ಯಾತ್ಮದ ಕಡೆಗೆ ಹೊರಳಬೇಕಾದ ವಯಸ್ಸಿನಲ್ಲಿ ನಾನು ಇಷ್ಟು ಚಿಕ್ಕ ಚೌಕದ ಮುಂದೆ ಕನ್ನಡಕ ಸರಿಪಡಿಸಿಕೊಳ್ಳುತ್ತ ಕುಳಿತಿರುವುದನ್ನು ಕಂಡು ನನ್ನ ಗಂಡನೂ ಎಷ್ಟೋ ಸಲ ನಕ್ಕಿದ್ದಾರೆ.

ನನ್ನ ಕಸುಬು ಚಿಪ್ಪಿನ ನಕ್ಷೆ ಬಿಡಿಸುವುದು. ಚಿಪ್ಪು ಎಂದರೆ ತೆಂಗಿನ ಚಿಪ್ಪಲ್ಲ, ಕಡಲ ಚಿಪ್ಪೂ ಅಲ್ಲ. ನಿಮ್ಮ ಮೊಬೈಲಿನ ಹೊಟ್ಟೆಯೊಳಗೆ ಕಪ್ಪಗೆ, ಮೌನವಾಗಿ ಕುಳಿತಿರುತ್ತದಲ್ಲ, ಅದು. ಅದರೊಳಗಿನ ತಂತಿಗಳು ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಎಂಬುದನ್ನು ಮುಂಬಯಿಯ ಅಂಧೇರಿಯ ಒಂದು ಕಟ್ಟಡದ ಏಸಿ ಕೋಣೆಯಲ್ಲಿ ಕುಳಿತು ಬಣ್ಣಬಣ್ಣವಾಗಿ ಬಿಡಿಸಿ, ಫೈಲು ಮಾಡಿ, ಚಿಪ್ಪು ತಯಾರಿಸುವ ದೂರದ ಕಾರ್ಖಾನೆಗೆ ಕಳುಹಿಸುವುದು ನಮ್ಮ ಕೆಲಸ. ಕೊನೆಯ ಈ ಕಳುಹಿಸುವ ಕ್ರಿಯೆಗೆ ‘ಎಕ್ಸ್‌ಪೋರ್ಟ್’ ಎನ್ನುತ್ತಾರೆ. ಇದೊಂದು ಪದ ಮಾತ್ರ ನನ್ನ ಅಮ್ಮನಿಗೆ ಅರ್ಥವಾಗಿದ್ದರಿಂದ ಅವಳು ಮಾಟುಂಗದ ಬಿಲ್ಡಿಂಗಿನ ತುಂಬ ‘ಮಗಳು ಎಕ್ಸ್‌ಪೋರ್ಟಿನಲ್ಲಿದ್ದಾಳೆ’ ಎಂದು ಸಾರಿಬಿಟ್ಟಿದ್ದಳು. ಕುಂದಾಪುರದ ಕಡೆಯವಳಾದ ಅವಳಿಗೆ ಎಕ್ಸ್‌ಪೋರ್ಟ್ ಎಂದರೆ ಗೋಡಂಬಿ, ಇಲ್ಲವೇ ಸಿಗಡಿ. ಮೇಲಿನ ಮಹಡಿಯ ಗುಜರಾತಿ ಅಕ್ಕ, ಎಲ್ಲರ ಬಾಯಲ್ಲಿ ‘ಬೆನ್’, ಒಬ್ಬರು ಮಾತ್ರ ಅದನ್ನು ಸಿದ್ಧ ಉಡುಪುಗಳ ವ್ಯವಹಾರವೆಂದು ತಿಳಿದು, ಹೊಲಿಗೆ ತಪ್ಪಿ ವಾಪಸು ಬಂದ ಕುರ್ತಾಗಳೇನಾದರೂ ಇದ್ದರೆ ತಮ್ಮನ್ನು ಮರೆಯಬಾರದೆಂದು ಬಹಳ ವರ್ಷ ಕೇಳುತ್ತಿದ್ದರು.

ಕಳುಹಿಸುವುದಕ್ಕೆ ಒಂದು ಬಟನ್ ಒತ್ತಿದರೆ ಸಾಲದೇ ಎಂದು ನೀವು ಕೇಳಬಹುದು. ಒತ್ತುವ ಮೊದಲು ಆ ಕಿಟಕಿ ನಮ್ಮನ್ನು ಹೆಣ್ಣು ನೋಡಲು ಬಂದ ಬೀಗರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತದೆ. ಅಳತೆಯ ಮಾನ ಯಾವುದು, ಹೆಸರುಗಳನ್ನು ಕಳುಹಿಸಲೋ ಬಿಡಲೋ, ಒಳಗೊಳಗೆ ಕುಟುಂಬ ಕುಟುಂಬವಾಗಿ ಜೋಡಿಸಿಟ್ಟ ಆಕೃತಿಗಳನ್ನು ಹಾಗೆಯೇ ಇಡಲೋ ಅಥವಾ ದಾದರ್ ಸ್ಟೇಷನ್ನಿನ ಸೇತುವೆಯ ಮೇಲಿನ ಜನದಂತೆ ಎಲ್ಲವನ್ನೂ ಒಂದೇ ಗುಂಪು ಮಾಡಲೋ, ಹೀಗೆ. ನಮ್ಮ ಜೊತೆಗೆ ಕೆಲಸ ಮಾಡುತ್ತಿದ್ದ ಮಹಾಶಯರೊಬ್ಬರು ಅಳತೆಯ ಮಾನವನ್ನು ಒಂದು ಮೆಟ್ಟಿಲು ತಪ್ಪಿಸಿ ಕಳುಹಿಸಿದ್ದರಿಂದ, ಉಗುರಿನಷ್ಟಿರಬೇಕಾದ ಚಿಪ್ಪು ಮಲಗುವ ಮಂಚಕ್ಕಿಂತ ದೊಡ್ಡದಾಗಿ, ಇದನ್ನು ಸಾಗಿಸಲು ಲಾರಿ ಏನಾದರೂ ಗೊತ್ತುಮಾಡಬೇಕೇ ಎಂದು ಕಾರ್ಖಾನೆಯಿಂದ ಅತ್ಯಂತ ವಿನಯದ ಪತ್ರ ಬಂದಿತ್ತು. ಅಂದಿನಿಂದ ನಮ್ಮ ಆಫೀಸಿನಲ್ಲಿ ಯಾರೂ ಆ ಕಿಟಕಿಯ ಮುಂದೆ ಚಹಾ ಕುಡಿಯುವುದಿಲ್ಲ.

ಈಗ ಆ ಚೌಕದ ವಿಷಯ. ಚಿಪ್ಪಿನ ನಕ್ಷೆ ಎನ್ನುವುದು ಒಂದರ ಮೇಲೊಂದು ಹಾಸಿದ ಪದರಗಳ ಸಮುಚ್ಚಯ. ಒಂದು ಪದರದಲ್ಲಿ ಕೆಳಗಿನ ತಂತಿಗಳು, ಇನ್ನೊಂದರಲ್ಲಿ ಮೇಲಿನವು, ಇವೆರಡನ್ನೂ ಅಲ್ಲಲ್ಲಿ ಕೂಡಿಸುವ ಸಣ್ಣ ಸಣ್ಣ ರಂಧ್ರಗಳದ್ದೇ ಮತ್ತೊಂದು ಪದರ. ನಮ್ಮ ಪರಿಭಾಷೆಯಲ್ಲಿ ಅದಕ್ಕೆ ‘ವಾಯಾ’. ಎಲ್ಲವೂ ಒಟ್ಟಿಗೆ ತೆರೆಯ ಮೇಲೆ ಕಂಡರೆ ಹೋಳಿಯ ಮರುದಿನದ ಅಂಗಿಯಂತೆ ಏನೂ ತಿಳಿಯದು. ಆದ್ದರಿಂದ ಬೇಡದ ಪದರಗಳನ್ನು ತಾತ್ಕಾಲಿಕವಾಗಿ ಮರೆಮಾಡಿ, ಬೇಕಾದ ಒಂದೆರಡನ್ನೇ ಕಣ್ಣೆದುರು ಇಟ್ಟುಕೊಂಡು ಕೆಲಸ ಮಾಡುತ್ತೇವೆ. ಮರೆಯಾದವು ಅಳಿದುಹೋಗುವುದಿಲ್ಲ, ಮೂಲ ಫೈಲಿನಲ್ಲಿ ತೆಪ್ಪಗೆ ಇದ್ದೇ ಇರುತ್ತವೆ. ಆದರೆ ಆ ಚೌಕದಲ್ಲಿ ಟಿಕ್ ಇದ್ದ ದಿನ, ಕಂಡದ್ದು ಮಾತ್ರ ಹೋಗುತ್ತದೆ. ಕಾಣದ್ದು ಹೋಗುವುದಿಲ್ಲ, ಹೋಗಲಿಲ್ಲವೆಂದು ಹೇಳುವವರೂ ಇರುವುದಿಲ್ಲ.

ನನ್ನ ಅಮ್ಮನ ಬಳಿ ಇಂಥ ಪದರಗಳು ಬೇಕಾದಷ್ಟಿದ್ದವು. ಮದುವೆಯಾಗಿ ಮಾಟುಂಗಕ್ಕೆ ಬಂದಾಗ ಅವಳಿಗೆ ಗೊತ್ತಿದ್ದದ್ದು ಕುಂದಾಪುರದ ಕನ್ನಡ ಒಂದೇ. ಅಪ್ಪ ಅಲ್ಲಿನ ಉಡುಪಿ ಹೋಟೆಲೊಂದರ ಗಲ್ಲಾದ ಮೇಲೆ ಬೆಳಗಿನಿಂದ ಕುಳಿತಿರುತ್ತಿದ್ದರಾದ್ದರಿಂದ ಊರನ್ನು ಅವಳೇ ಎದುರಿಸಬೇಕಾಯಿತು. ತರಕಾರಿಯ ಭೈಯಾಗಳಿಂದ ಹಿಂದಿ ಕಲಿತಳು. ಆ ಹಿಂದಿಯಲ್ಲಿ ಬದನೆಕಾಯಿ ಗಂಡೋ ಹೆಣ್ಣೋ ಎಂಬ ನಿಯಮಗಳಿಗೆ ಕವಡೆಯ ಕಿಮ್ಮತ್ತೂ ಇರಲಿಲ್ಲವಾದರೂ ಭೈಯಾಗಳು ಅದಕ್ಕೆ ಹೆದರಿ ಕೊತ್ತಂಬರಿ ಸೊಪ್ಪನ್ನು ಸುಮ್ಮನೆ ಚೀಲಕ್ಕೆ ಹಾಕುತ್ತಿದ್ದರು. ನೀರು ಹಿಡಿಯುವ ನಲ್ಲಿಯ ಬಳಿ ಮರಾಠಿ ಬಂತು. ದೇವಸ್ಥಾನದ ಬೀದಿಯಲ್ಲಿ ಮಲ್ಲಿಗೆ ಮಾರುವವಳ ಸಹವಾಸದಲ್ಲಿ ತಮಿಳು, ಮೇಲಿನ ಮಹಡಿಯ ಬೆನ್ ಅವರ ದಯೆಯಿಂದ ಒಂದಿಷ್ಟು ಗುಜರಾತಿ. ಮಾರ್ಕೆಟ್ಟಿನಿಂದ ಮನೆಗೆ ಬರುವ ಹತ್ತು ನಿಮಿಷದ ದಾರಿಯಲ್ಲಿ ಅವಳು ಎದುರಿಗೆ ಸಿಕ್ಕವರನ್ನು ನೋಡಿ ನೋಡಿ ಒಂದು ಭಾಷೆಯನ್ನು ಮರೆಮಾಡಿ ಇನ್ನೊಂದನ್ನು ಮುಂದಿಡುತ್ತಿದ್ದಳು. ಕಾಫಿಪುಡಿಯ ಅಂಗಡಿಯ ಆ ಹುರಿದ ವಾಸನೆ, ಬಾಳೆಲೆಯ ಕಟ್ಟುಗಳು, ಅವಳ ಸೆರಗು ಹಿಡಿದು ನಡೆಯುತ್ತಿದ್ದ ನಾನು, ನನ್ನ ತಲೆಯ ಮೇಲಿನಿಂದ ಹಾದುಹೋಗುತ್ತಿದ್ದ ಅಷ್ಟೊಂದು ಭಾಷೆಗಳು: ಬಾಲ್ಯ ಎಂದರೆ ನನಗೆ ಇಂದಿಗೂ ಅದೇ.

ಮನೆಯ ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಕುಂದಾಪುರ. ನಾವು ‘ಹೋತೆ’, ‘ಬತ್ತೆ’ ಎನ್ನುತ್ತಿದ್ದದ್ದನ್ನು ಕನ್ನಡ ಶಾಲೆಯ ಮೇಷ್ಟ್ರು ಬಹಳ ಕಷ್ಟಪಟ್ಟು ‘ಹೋಗುತ್ತೇನೆ’, ‘ಬರುತ್ತೇನೆ’ ಎಂದು ತಿದ್ದಿದರು. ಅವರು ತಿದ್ದಿದ್ದರಿಂದಲೇ ಇವತ್ತು ನಿಮ್ಮ ಮುಂದೆ ಇಷ್ಟು ಮರ್ಯಾದಸ್ಥಳಂತೆ ಬರೆಯುತ್ತಿದ್ದೇನೆ. ಮುಂದೆ ನಾನು ಮದುವೆಯಾಗಿ ಸೇರಿದ್ದು ವಿಲೆ ಪಾರ್ಲೆಯ ಅಪ್ಪಟ ಮರಾಠಿ ಮನೆಯನ್ನು. ಮಗಳು ಸಾನಿಕಾ ಹುಟ್ಟಿದಳು. ಅಜ್ಜ ಅಜ್ಜಿಯರ ಜೊತೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಬಿಲ್ಡಿಂಗಿನ ಮಕ್ಕಳ ಜೊತೆ ಹಿಂದಿ. ಅವಳ ಪುಟ್ಟ ತಲೆಯಲ್ಲಿ ಇನ್ನೊಂದಕ್ಕೆ ಜಾಗ ಹುಡುಕುವ ಉಸಾಬರಿಗೆ ಯಾರೂ ಹೋಗಲಿಲ್ಲ. ಮುಂಬಯಿಯಲ್ಲಿ ಇದು ಯಾರ ತಪ್ಪೂ ಅಲ್ಲ, ಮನೆ ಮನೆಯಲ್ಲೂ ಹೀಗೇ ಆಗುತ್ತದೆ. ಮಾಟುಂಗಕ್ಕೆ ಹೋದಾಗ ಅಮ್ಮ ಮೊಮ್ಮಗಳ ಜೊತೆ ತನ್ನ ನಿರಂಕುಶ ಹಿಂದಿಯಲ್ಲೇ ಮಾತಾಡುತ್ತಿದ್ದಳು. ಇಬ್ಬರೂ ಸುಖವಾಗಿದ್ದರು.

ನನ್ನ ಪಾಲಿಗೆ ಉಳಿದ ಕುಂದಾಪುರ ಕನ್ನಡವೆಂದರೆ ಸಂಜೆಯ ಫೋನು. ಅಮ್ಮ ದೇವರಿಗೆ ದೀಪ ಹಚ್ಚಿ ಕೂರುವ ಹೊತ್ತಿಗೆ, ನಾನು ಆಫೀಸಿನಿಂದ ಬಂದು, ಊಟದ ಮೇಜಿನ ಮೂಲೆಯಲ್ಲಿದ್ದ ಫೋನಿನಿಂದ ಅವಳಿಗೆ ಕರೆ ಮಾಡುತ್ತಿದ್ದೆ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಸಾನಿಕಾ ಹೋಮ್‌ವರ್ಕ್ ಮಾಡುತ್ತಿದ್ದಳು. ಮಾತಿನಲ್ಲಿ ಹೊಸದೇನೂ ಇರುತ್ತಿರಲಿಲ್ಲ. ಉಂಡ್ಯಾ, ಮದ್ದು ತಕೊಂಡ್ಯಾ, ಕಾಲು ನೋವು ಹೇಗಿದೆ, ನಾಳೆ ಕರೆ ಮಾಡ್ತೇನೆ, ಇಡ್ತೇನೆ. ಆಚೆ ತುದಿಯಿಂದಲೂ ಅವೇ ಉತ್ತರಗಳು. ನಡುನಡುವೆ ಅತ್ತೆಯವರ ಕುರಿತು ಒಂದೆರಡು ಗೌಪ್ಯ ವಿಷಯಗಳನ್ನೂ ಈ ಮನೆಯಲ್ಲಿ ಯಾರಿಗೂ ಅರ್ಥವಾಗದೆಂಬ ಧೈರ್ಯದಿಂದ ನಿರ್ಭೀತಳಾಗಿ ವರದಿ ಮಾಡುತ್ತಿದ್ದೆ. ಅಪ್ಪ ಹೋದರು, ಫೋನುಗಳು ಬದಲಾದವು, ಸಾನಿಕಾ ಕಾಲೇಜು ಸೇರಿದಳು, ಆ ಸಂಜೆಯ ಮಾತು ಮಾತ್ರ ಬದಲಾಗಲಿಲ್ಲ.

ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಮೆದುಳಿನ ರಕ್ತನಾಳದ ತೊಂದರೆಯಾಗಿ ಆಸ್ಪತ್ರೆ ಸೇರಿದಳು. ಜೀವ ಉಳಿಯಿತು, ಕೈಕಾಲುಗಳಿಗೆ ನಿಧಾನವಾಗಿ ಶಕ್ತಿ ಮರಳಿತು. ಆದರೆ ಕಣ್ಣು ಬಿಟ್ಟು ಮಾತಾಡಿದಾಗ ಅವಳ ಬಾಯಿಂದ ಬಂದದ್ದು ಕುಂದಾಪುರದ ಕನ್ನಡ ಮಾತ್ರ. ಹಿಂದಿಯಿಲ್ಲ, ಮರಾಠಿಯಿಲ್ಲ, ಮಲ್ಲಿಗೆಯವಳ ತಮಿಳಿಲ್ಲ. ದೊಡ್ಡವರಾದ ಮೇಲೆ ಕಲಿತದ್ದು ಕೆಲವರಲ್ಲಿ ಹೀಗೆ ಹೋಗಿಬಿಡುವುದುಂಟು ಎಂದರು ಡಾಕ್ಟರು. ಅವಳಿಗೆ ತಿಳಿಯುವ ಮಾತಿನಲ್ಲಿ ಯಾರಾದರೂ ದಿನವೂ ಮಾತಾಡಿಸುತ್ತಿರಬೇಕು, ಸುಮ್ಮನೆ ಬಿಟ್ಟರೆ ಇದ್ದ ಮಾತೂ ಹೋದೀತು ಎಂದೂ ಹೇಳಿದರು. ಜೀವಮಾನವಿಡೀ ಇಡೀ ಮಾರ್ಕೆಟ್ಟನ್ನು ಬಾಯಿಯಲ್ಲೇ ಗೆದ್ದುಬಂದ ಹೆಂಗಸು ಅವಳು. ನನಗೆ ಭಯವಾಯಿತು.

ಅವಳನ್ನು ಪಾರ್ಲೆಗೆ ಕರೆತಂದೆ. ರಜೆ ಹಾಕಿ ಕುಳಿತಷ್ಟು ದಿನ ನಾನೇ ಮಾತಾಡಿಸಿದೆ, ಅವಳು ಒಂದೆರಡು ಪದಗಳಲ್ಲಿ ಉತ್ತರಿಸಿದಳು. ಆದರೆ ಒಂದು ಚಿಪ್ಪು ಕಾರ್ಖಾನೆಗೆ ಹೋಗುವ ದಿನ ಹತ್ತಿರ ಬಂದಿತ್ತು, ಅದರ ನಕ್ಷೆ ನನ್ನದೇ. ಹಗಲು ಅಮ್ಮನನ್ನು ನೋಡಿಕೊಳ್ಳಲೆಂದು ಗೊತ್ತುಮಾಡಿದ ಮರಾಠಿ ಮಾವ್ಶಿ ಬಲು ಒಳ್ಳೆಯ ಹೆಂಗಸು. ‘ಆಜಿ, ಜೇವಾ ನಾ’, ಅಜ್ಜಿ ಊಟ ಮಾಡಿ, ಎಂದು ಗೋಗರೆದರೂ ಅಮ್ಮ ಅದು ತನಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ತಟ್ಟೆ ಹಾಗೆಯೇ ಉಳಿಯುತ್ತಿತ್ತು. ನನ್ನ ಗಂಡನ ಕನ್ನಡ ‘ಸ್ವಲ್ಪ ಸ್ವಲ್ಪ’ ಎಂಬಲ್ಲಿಗೆ ಆರಂಭವಾಗಿ ಅಲ್ಲಿಗೇ ಮುಗಿಯುತ್ತದೆ. ಕಾಲೇಜಿಗೆ ರಜೆಯಿದ್ದ ಸಾನಿಕಾ, ‘ಮಮ್ಮಾ, ತೂ ಜಾ. ಮೈ ಹೂಂ ನಾ’, ನೀನು ಹೋಗು, ನಾನಿದ್ದೇನಲ್ಲ, ಎಂದಳು. ಮೂಗಿಯೊಬ್ಬಳ ಬಳಿ ಕಿವುಡಿಯೊಬ್ಬಳನ್ನು ಕೂರಿಸಿ ಬಂದಂಥ ಸಂಕಟದಲ್ಲಿ ನಾನು ಲೋಕಲ್ ಹತ್ತಿದೆ.

ಆ ದಿನ ನಾನು ಮಾಡಿದ ಕೆಲಸ ಕೇಳಿ. ಮೇಲಿನ ತಂತಿಗಳನ್ನು ಸ್ವಚ್ಛವಾಗಿ ನೋಡಬೇಕೆಂದು ಆ ರಂಧ್ರಗಳ ಪದರವನ್ನು ಮರೆಮಾಡಿದ್ದೆ; ಮನಸ್ಸು ಮನೆಯಲ್ಲಿತ್ತು; ಆ ಪುಟ್ಟ ಚೌಕದಲ್ಲಿ ಟಿಕ್ ಇತ್ತು; ಬಟನ್ ಒತ್ತಿದೆ. ಫೈಲು ಹೊರಗೆ ಹೋಗುವ ಮುನ್ನ ಇನ್ನೊಬ್ಬರು ತೆರೆದು ನೋಡುವ ಪದ್ಧತಿ ನಮ್ಮಲ್ಲಿರುವುದರಿಂದ, ಎದುರಿನ ಮೇಜಿನ ದೇಶಪಾಂಡೆ ಅದನ್ನು ತೆರೆದರು. ಬಹಳ ಹೊತ್ತು ನೋಡಿ, ನನ್ನ ಕಡೆ ಕುರ್ಚಿ ತಿರುಗಿಸಿ, ‘ಮ್ಯಾಡಮ್, ಊಪರ್‌ವಾಲಾ ಭೀ ಹೈ, ನೀಚೇವಾಲಾ ಭೀ ಹೈ. ಬೀಚ್ ಮೇ ಕುಛ್ ನಹೀ ಹೈ’ ಎಂದರು. ನಿಜವೇ. ಮೇಲಿನ ತಂತಿಗಳು ಅಚ್ಚುಕಟ್ಟಾಗಿದ್ದವು, ಕೆಳಗಿನವೂ ಅಚ್ಚುಕಟ್ಟಾಗಿದ್ದವು, ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವ ಒಂದೇ ಒಂದು ರಂಧ್ರವೂ ಫೈಲಿನಲ್ಲಿರಲಿಲ್ಲ. ಬೇರೆ ದಿನವಾದರೆ ನಕ್ಕು ಮತ್ತೊಮ್ಮೆ ಕಳುಹಿಸುತ್ತಿದ್ದೆ. ಅಂದು ನನಗೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿದ ಅಮ್ಮ, ಪಕ್ಕದ ಕುರ್ಚಿಯಲ್ಲಿ ಮೊಬೈಲ್ ಹಿಡಿದ ಸಾನಿಕಾ ಕಣ್ಣ ಮುಂದೆ ಬಂದು, ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ದೇಶಪಾಂಡೆ ಏನೂ ಕೇಳದೆ, ‘ಉದ್ಯಾ ಕರೂ’, ನಾಳೆ ಮಾಡಿದರಾಯಿತು, ಎಂದು ನನ್ನನ್ನು ಬೇಗ ಮನೆಗೆ ಕಳುಹಿಸಿಬಿಟ್ಟರು.

ಮನೆಯ ಬಾಗಿಲು ತೆರೆದಾಗ ಒಳಕೋಣೆಯಿಂದ ನನ್ನದೇ ದನಿ ಕೇಳಿಸಿತು. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿರುವವಳು ನಾನು, ಒಳಗೆ ಮಾತಾಡುತ್ತಿರುವವಳೂ ನಾನು ಎಂದರೆ ಯಾರಿಗಾದರೂ ಒಂದು ಕ್ಷಣ ಗಾಬರಿಯಾಗುತ್ತದೆ.

‘ಉಂಡ್ಯಾ? ಮದ್ದ್ ತಕಂಡ್ಯಾ? ಕಾಲ್ ನೋವ್ ಹ್ಯಾಂಗ್ ಇತ್ತ್?’

ಇಣುಕಿ ನೋಡಿದೆ. ಸಾನಿಕಾ ಮಂಚದ ಅಂಚಿನಲ್ಲಿ ಕುಳಿತು, ಒಂದು ಕೈಯಲ್ಲಿ ಗಂಜಿಯ ಬಟ್ಟಲು ಹಿಡಿದು, ನಾನು ಫೋನಿನಲ್ಲಿ ಎಳೆಯುವ ಹಾಗೆಯೇ ಎಳೆದು, ನಾನು ನಿಲ್ಲಿಸುವಲ್ಲಿಯೇ ನಿಲ್ಲಿಸಿ ಕೇಳುತ್ತಿದ್ದಳು. ಅಮ್ಮ ದಿಂಬಿಗೊರಗಿ ಅವಳ ಮುಖವನ್ನೇ ನೋಡುತ್ತ ಏನೋ ಉತ್ತರ ಹೇಳಿದಳು. ಅದು ಸಾನಿಕಾಗೆ ತಿಳಿಯಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು, ಆದರೂ ‘ಹ್ಞೂಂ, ಹ್ಞೂಂ’ ಎಂದು ಒಂದು ಚಮಚ ಗಂಜಿ ಬಾಯಿಗಿಟ್ಟು ಮುಂದುವರಿಸಿದಳು: ‘ಸಮ. ಬಾಗ್ಲ್ ಹಾಯ್ಕಂಡ್ ಮನಿಕೋ. ನಾಳೆ ಫೋನ್ ಮಾಡ್ತೆ. ಇಡ್ತೆ.’ ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಇಡುವುದಕ್ಕೆ ಫೋನೂ ಇರಲಿಲ್ಲ. ಬಟ್ಟಲಿನಿಂದ ಇನ್ನೊಂದು ಚಮಚ ತುಂಬಿಕೊಂಡು, ಮತ್ತೆ ಮೊದಲಿನಿಂದ ‘ಉಂಡ್ಯಾ?’ ಎಂದು ಆರಂಭಿಸಿದಳು. ಮಾವ್ಶಿ ಬಾಗಿಲ ಬಳಿ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಬೆಳಗಿನಿಂದ ಹೀಗೆಯೇ ನಡೆದಿದೆಯೆಂದೂ, ಊಟ ಪೂರ್ತಿ ಹೋಗಿದೆಯೆಂದೂ ವರದಿ ಒಪ್ಪಿಸಿದಳು.

ಅಮ್ಮ ನನ್ನನ್ನು ಕಂಡು, ‘ಇದ್ ನಿನ್ನ್ ಹಾಂಗೇ ಮಾತಾಡತ್ತಲ್ಲೆ’ ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳಾಗಿಯೇ ಆಡಿದ ಮೊದಲ ಇಡೀ ವಾಕ್ಯ ಅದು.

‘ಎಲ್ಲಿ ಕಲಿತೆ ಮಾರಾಯ್ತಿ?’ ಎಂದು ಸಾನಿಕಾಳನ್ನು ಕೇಳಿದೆ. ಕೇಳಿದ ಮೇಲೆಯೇ ಉತ್ತರ ಹೊಳೆಯಿತೆನ್ನಿ.

‘ಕಲಿತಿಲ್ಲ, ಮಮ್ಮಾ. ನೀನು ದಿನಾ ಫೋನ್‌ನಲ್ಲಿ ಹೇಳ್ತೀಯಲ್ಲ, ನಂಗೆ ಅಷ್ಟೇ ಬರತ್ತೆ,’ ಎಂದಳು ತನ್ನ ಎಂದಿನ ಮರಾಠಿಯಲ್ಲಿ. ಆಮೇಲೆ ಸ್ವಲ್ಪ ನಾಚಿಕೊಂಡು, ‘ಆದ್ರೆ ಅಮ್ಮಮ್ಮನ ಉತ್ತರ ಗೊತ್ತಾಗಲ್ಲ. ಆ ಕಡೆಯ ಮಾತು ನಂಗೆ ಕೇಳ್ತಾನೇ ಇರ್ಲಿಲ್ಲ,’ ಎಂದು ಸೇರಿಸಿದಳು.

ನೋಡಿ, ಇಪ್ಪತ್ತು ವರ್ಷ ಸಾಫ್ಟ್‌ವೇರು ಹೇಳಿಕೊಡದಿದ್ದದ್ದನ್ನು ನಾನು ನನ್ನ ಮಗಳಿಂದ ತಿಳಿಯಬೇಕಾಯಿತು. ನಾವು ಏನನ್ನು ಕಳುಹಿಸಿದೆವೆಂದು ತಿಳಿದಿರುತ್ತೇವೋ ಅದೊಂದೇ ಹೋಗಿರುವುದಿಲ್ಲ. ಮರಾಠಿ ಕಲಿಸಿದೆವು, ಇಂಗ್ಲಿಷ್ ಕಲಿಸಿದೆವು, ಅವಕ್ಕೆಲ್ಲ ಟಿಕ್ ಹಾಕಿ ಕಳುಹಿಸಿದೆವು. ಅವಳು ಗಣಿತದ ಲೆಕ್ಕ ಮಾಡುತ್ತ ಮಾಡುತ್ತ, ನಾನು ಕಳುಹಿಸದೇ ಇದ್ದದ್ದನ್ನೂ ಎತ್ತಿಟ್ಟುಕೊಂಡಿದ್ದಳು. ಆದರೆ ಅರ್ಧ ಮಾತ್ರ. ಪ್ರಶ್ನೆಗಳು ಅವಳ ಬಳಿ ಇದ್ದವು, ಉತ್ತರಗಳು ನನ್ನ ಕಿವಿಗೊತ್ತಿದ ಫೋನಿನೊಳಗೇ ಉಳಿದುಬಿಟ್ಟಿದ್ದವು. ಅತ್ತೆಯವರ ಕುರಿತಾದ ಆ ಗೌಪ್ಯ ವರದಿಗಳೂ ಅವಳ ಸಂಗ್ರಹದಲ್ಲಿ ಸುರಕ್ಷಿತವಾಗಿವೆಯೇ ಎಂಬ ಅನುಮಾನ ನನ್ನನ್ನು ಅಂದಿನಿಂದ ಕಾಡುತ್ತಿದೆ. ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಮರುದಿನವೂ ಅವಳೇ ಕುಳಿತಳು, ಅದರ ಮರುದಿನವೂ. ಪ್ರಶ್ನೆಗಳು ಅವೇ, ಉತ್ತರಗಳೂ ಅವೇ. ಬದಲಾಗದ ಮಾತುಗಳನ್ನು ಕಲಿಯುವುದು ಸುಲಭವೋ ಏನೋ. ಅಮ್ಮ ಹೇಳಿದ್ದನ್ನು ಸಾನಿಕಾ ಮತ್ತೆ ಹೇಳಿ ನೋಡುತ್ತಾಳೆಂದೂ, ತಪ್ಪಿದರೆ ಅಮ್ಮ ನಗುತ್ತಾಳೆಂದೂ, ಸರಿಯಾಗುವವರೆಗೆ ಬಿಡುವುದಿಲ್ಲವೆಂದೂ ಮಾವ್ಶಿಯಿಂದ ತಿಳಿಯುತ್ತಿತ್ತು. ನಾನು ಮನೆಗೆ ಬರುವ ಹೊತ್ತಿಗೆ ಇಬ್ಬರೂ ಗುಟ್ಟಿನವರಂತೆ ಸುಮ್ಮನಾಗುತ್ತಿದ್ದರು. ಅಮ್ಮನ ಮಾತು ಒಂದೆರಡು ಪದಗಳಿಂದ ನಾಲ್ಕಾರು ಪದಗಳಿಗೆ ಬೆಳೆದದ್ದನ್ನು ನಾನು ಗಮನಿಸಿದೆ. ಹಿಂದಿಯಾಗಲಿ ಮರಾಠಿಯಾಗಲಿ ಮರಳಲಿಲ್ಲ, ಮರಳುವ ಲಕ್ಷಣವೂ ಇಲ್ಲ. ಭೈಯಾಗಳ ಜೊತೆ ಅವಳು ಇನ್ನು ಜಗಳವಾಡುವುದಿಲ್ಲ ಎಂಬುದನ್ನು ನಾನು ಒಪ್ಪಿಕೊಳ್ಳಲೇಬೇಕಾಯಿತು.

ಕೊನೆಗೆ ಫೈಲು ಹೋಗುವ ದಿನ ಬಂತು. ಸಂಜೆಯಾದರೂ ಒಂದಲ್ಲ ಒಂದು ತಕರಾರು. ದೇಶಪಾಂಡೆ ಅಂಗಿಯ ತೋಳು ಮಡಚಿದ್ದರು, ನಾನು ಆ ಕಿಟಕಿಯನ್ನು ತೆರೆದು ಕುಳಿತಿದ್ದೆ. ತಡವಾಗುತ್ತದೆಂದು ಹೇಳಲು ಮನೆಗೆ ಫೋನ್ ಮಾಡಿದೆ. ಅದು ಅಮ್ಮ ದೀಪ ಹಚ್ಚಿ ಕೂರುತ್ತಿದ್ದ ಹೊತ್ತು ಎಂಬುದು ಕರೆ ಮಾಡುವಾಗ ನನ್ನ ಲಕ್ಷ್ಯದಲ್ಲಿರಲಿಲ್ಲ. ಅವಳು ಕಾಯಿಲೆ ಬಿದ್ದ ದಿನದಿಂದ ಆ ಹೊತ್ತಿಗೆ ಕರೆ ಮಾಡುವುದೇ ನಿಂತುಹೋಗಿತ್ತು, ಮಾಡುವುದಾದರೂ ಯಾರಿಗೆ? ಸಾನಿಕಾ ಎತ್ತಿದಳು. ಅಭ್ಯಾಸಬಲ ನೋಡಿ, ಹೇಳಬೇಕಾದದ್ದು ಮರೆತು ನನ್ನ ಬಾಯಿಂದ ‘ಉಂಡ್ಯಾ?’ ಎಂದೇ ಬಂತು.

‘ಉಂಡೆ ಮಗಾ. ನೀ ಉಂಡ್ಯಾ?’ ಎಂದಿತು ಸಾನಿಕಾಳ ದನಿ, ಅಮ್ಮನದೇ ರಾಗದಲ್ಲಿ.

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ‘ಟ್ರೈನಂಗೆ ಜನ ಇತ್ತಾ?’ ಎಂದು ಕೇಳಿತು. ಪಾರ್ಲೆಯಿಂದ ಅಂಧೇರಿಗೆ ಇರುವುದು ಒಂದೇ ಸ್ಟೇಷನ್. ಆದರೂ ಅಷ್ಟು ವರ್ಷ ಅಮ್ಮ ದಿನವೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆ, ಅದನ್ನು ನನ್ನ ಕಿವಿಯ ಹೊರತು ಇನ್ನಾರೂ ಕೇಳಿರಲಿಲ್ಲ. ಹಿಂದಿನಿಂದ ಅಮ್ಮ ಏನೋ ಹೇಳಿಕೊಟ್ಟದ್ದು ಕ್ಷೀಣವಾಗಿ ಕೇಳಿಸಿತು. ಸಾನಿಕಾ ತಡವರಿಸುತ್ತ, ಒಂದೊಂದೇ ಪದ ಎತ್ತಿಟ್ಟಂತೆ ಅದನ್ನು ನನಗೆ ಹೇಳಿದಳು: ‘ಕೆಲ್ಸ ಎಲ್ಲಿಗೂ ಓಡಿ ಹೋತಿಲ್ಲೆ. ಉಂಡ್ಕಂಡ್ ಮಾಡ್. ಜಾಗ್ರತಿ ಬಾ.’

‘ಬತ್ತೆ,’ ಎಂದೆ. ಮೇಷ್ಟ್ರು ತಿದ್ದುವುದಕ್ಕೆ ಅಲ್ಲಿರಲಿಲ್ಲ.

ಫೋನಿಟ್ಟು ಕಣ್ಣೊರೆಸಿಕೊಂಡು ಕನ್ನಡಕ ಹಾಕಿದಾಗ ಆ ಚೌಕ ಎಂದಿನಷ್ಟೇ ಚಿಕ್ಕದಾಗಿತ್ತು. ಟಿಕ್ ತೆಗೆದೆ. ಮರೆಯಲ್ಲಿದ್ದ ಪದರಗಳನ್ನೆಲ್ಲ ತೆರೆಗೆ ಕರೆದೆ, ಬಣ್ಣದ ಮೇಲೆ ಬಣ್ಣ ಬಿದ್ದು ಒಂದೂ ತಿಳಿಯದ ಹಾಗಾಯಿತು. ‘ಸಬ್ ಹೈ ನಾ, ಮ್ಯಾಡಮ್?’ ಎಂದು ದೇಶಪಾಂಡೆ ಕೇಳಿದರು. ಎಲ್ಲ ಇದೆ ಎಂದು ಕನ್ನಡದಲ್ಲೇ ಉತ್ತರಿಸಿ, ಬಟನ್ ಒತ್ತಿ, ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತೆ.